ಸ್ಲೈಡಿನ ಚೌಕಟ್ಟು ಒಂದೇ, ಒಳಗಿನ ಫಿಲ್ಮ್ ಬೇರೆ ಬೇರೆ

ಕಾರವಾರ, ಅಂಕೋಲಾ, ಶಿರಸಿ ಕಡೆಯ ಹಳೇ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಸ್ಲೈಡ್ ಡಬ್ಬಿ ಸಿಗುವುದುಂಟು. ಸ್ಲೈಡ್ ಅಂದರೆ ಚೌಕಟ್ಟಿಗೆ ಕೂರಿಸಿ, ಪ್ರೊಜೆಕ್ಟರಿನಿಂದ ಪರದೆಯ ಮೇಲೆ ನೋಡುತ್ತಿದ್ದ ಫಿಲ್ಮ್ ತುಣುಕು. ಬಹುಪಾಲು ಎರಡು ಇಂಚಿನ ಚೌಕಗಳೇ. ‘ಎಲ್ಲ 35 ಎಂಎಂ (35 ಮಿ.ಮೀ. ಅಗಲದ ಫಿಲ್ಮ್)’ ಅಂತ ಸುಮ್ನೆ ಸ್ಕ್ಯಾನಿಂಗಿಗೆ ಕೊಟ್ಟರೆ ಕೆಲವು ಚಿತ್ರಗಳ ಅಂಚು ಕತ್ತರಿಸಿ ಬರುತ್ತದೆ. ಅಂಚಿನಲ್ಲಿ ನಿಂತ ಚಿಕ್ಕಪ್ಪನೇ ಮಾಯ. ಸ್ಲೈಡಿಗೆ ನೆಗೆಟಿವ್ ಇರುವುದಿಲ್ಲ. ಕ್ಯಾಮೆರಾದೊಳಗಿದ್ದ ಫಿಲ್ಮೇ ಅದು. ಹಾಗಾಗಿ ಮೊದಲು ಒಳಗಿನ ಚಿತ್ರವನ್ನು ಸ್ಕೇಲಿನಿಂದ ಅಳೆಯಿರಿ.

ಕೊಡಾಕ್ 1934ರಲ್ಲಿ 35 ಎಂಎಂ ಫಿಲ್ಮಿನ ಸಿದ್ಧ ರೋಲ್ ತಂದಿತು. 1936ರಲ್ಲಿ ಆ ರೋಲಿನಲ್ಲೇ ಕೊಡಾಕ್ರೋಮ್ ಎಂಬ ಬಣ್ಣದ ಸ್ಲೈಡ್ ಫಿಲ್ಮ್ ಬಂತು. ಚಿತ್ರ 24x36 ಮಿ.ಮೀ. ಅದಕ್ಕೆ ಎರಡು ಇಂಚಿನ ಚೌಕಟ್ಟು, ಆ ಚೌಕಟ್ಟಿಗೆ ತಕ್ಕ ಪ್ರೊಜೆಕ್ಟರ್ ಮನೆಮನೆಗೆ ಹರಡಿದವು. ಬೇರೆ ಫಿಲ್ಮ್‌ಗಳೂ ಅದೇ ಪ್ರೊಜೆಕ್ಟರಿನಲ್ಲಿ ಓಡಬೇಕಿತ್ತು. ಗೊಂದಲ ಶುರುವಾದದ್ದೇ ಇಲ್ಲಿ.

1963ರಲ್ಲಿ ಬಂದ ಇನ್‌ಸ್ಟಾಮ್ಯಾಟಿಕ್ ಕ್ಯಾಮೆರಾದ ‘126’ ಎಂಬ ಫಿಲ್ಮಿನಲ್ಲಿ ಚಿತ್ರ ಚೌಕ, ಸುಮಾರು 28 ಮಿ.ಮೀ. ಅದಕ್ಕಿಂತ ದೊಡ್ಡ, ಸುಮಾರು 4 ಸೆಂ.ಮೀ. ಚೌಕವಾದರೆ 127 ಫಿಲ್ಮ್. ಚೌಕಟ್ಟಿನ ತುಂಬ ಚಿತ್ರವೇ ಇರುತ್ತದೆ. 24x18 ಮಿ.ಮೀ. ಇದ್ದರೆ 35 ಎಂಎಂ ರೋಲಿನಲ್ಲೇ ಅರ್ಧರ್ಧ ಫ್ರೇಮ್ ತೆಗೆಯುವ ಕ್ಯಾಮೆರಾದ್ದು. 120 ಫಿಲ್ಮಿನ ಸ್ಲೈಡಿಗೆ ಮಾತ್ರ 7 ಸೆಂ.ಮೀ. ಚೌಕಟ್ಟು. ನೋಡಿದ ಕೂಡಲೇ ಗೊತ್ತಾಗುತ್ತದೆ.

ಫಿಲ್ಮಿನ ಹೆಸರೂ ಮುಖ್ಯ. ಅದು ಹೆಚ್ಚಾಗಿ ಚೌಕಟ್ಟಿನ ಮೇಲೋ ಒಳಗೆ ಮುಚ್ಚಿದ ಫಿಲ್ಮ್ ಅಂಚಿನಲ್ಲೋ ಇರುತ್ತದೆ. ಓದಲು ಚೌಕಟ್ಟು ಹರಿಯಬೇಡಿ. ನಮ್ಮಲ್ಲಿ ಪೂರ್ವ ಜರ್ಮನಿಯ ಆರ್ವೋ ಫಿಲ್ಮ್ ಕೂಡ ಬಳಕೆಯಲ್ಲಿತ್ತು. ಕೊಡಾಕ್ರೋಮ್‌ಗೆ ಬಣ್ಣ ಸೇರುತ್ತಿದ್ದುದು ಫಿಲ್ಮ್ ತೊಳೆಯುವಾಗ (ಡೆವಲಪ್ ಮಾಡುವಾಗ). ಕತ್ತಲಲ್ಲಿಟ್ಟರೆ ಅದರ ಬಣ್ಣ ಬಹುಕಾಲ ಬಾಳುತ್ತದೆ, ಪ್ರೊಜೆಕ್ಟರ್ ಬೆಳಕಿಗೆ ಮಾತ್ರ ಬೇಗ ಮಾಸುತ್ತದೆ. ಕೊಡಾಕ್‌ನದೇ ಇನ್ನೊಂದು ಫಿಲ್ಮ್ ಎಕ್ಟಾಕ್ರೋಮ್ ಹಳೆಯದಾದರೆ ಪೆಟ್ಟಿಗೆಯಲ್ಲೇ ಕೆಂಪಗಾಗಿರಬಹುದು. ಅಂಥವನ್ನು ಮೊದಲು ಸ್ಕ್ಯಾನ್ ಮಾಡಿಸಿ.

ಕೊಡಾಕ್‌ನ ಹಲವು ಚೌಕಟ್ಟುಗಳ ಮೇಲೆ ತಿಂಗಳು, ವರ್ಷ ಒತ್ತಿರುತ್ತದೆ. ಅದು ತೊಳೆದ ದಿನಾಂಕ, ತೆಗೆದದ್ದಲ್ಲ. ಆಗ ಚಿತ್ರವನ್ನೇ ನೋಡಬೇಕು. ಕಾರವಾರದ ಕೋಡಿಬಾಗದ ಬಳಿ ಕಾಳಿ ನದಿಗೆ ಸೇತುವೆಯೇ ಇಲ್ಲವೆಂದರೆ ಅದು 1980ರ ದಶಕದ ಮಧ್ಯಕ್ಕಿಂತ ಹಿಂದಿನದು. ಆ ಹಳೇ ಸೇತುವೆಯೂ 2024ರ ಆಗಸ್ಟಿನಲ್ಲಿ ಕುಸಿಯಿತು. ಸುಪಾ ಪೇಟೆಯಂತೂ ಅಣೆಕಟ್ಟಿನ ನೀರಿನಡಿ ಇದೆ. ಅಲ್ಲಿನ ಒಂದು ಸ್ಲೈಡ್ ಸಿಕ್ಕಿದರೂ ಅದು ಬರೀ ಮನೆಯವರ ಸ್ವತ್ತಲ್ಲ, ಅಲ್ವಾ?

ನಮ್ಮ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯುವುದು ಜಾಸ್ತಿ. ಗಾಜಿನ ಚೌಕಟ್ಟಿನೊಳಗೆ ತೇವ ಸಿಕ್ಕಿಕೊಂಡರೆ ಇನ್ನೂ ಬೇಗ. ಫಿಲ್ಮಿನ ಮೇಲೆ ಚಿತ್ರ ಹಿಡಿದಿಡುವ ಪದರವೇ ಜೆಲಟಿನ್. ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗಿಬಿಡುತ್ತದೆ, ಜೊತೆಗೆ ಚಿತ್ರವೂ. ಒದ್ದೆ ಬಟ್ಟೆ ಬೇಡವೇ ಬೇಡ. ಒಣ ಮೆದು ಬ್ರಷ್ಷಿನಿಂದ ಧೂಳಷ್ಟೇ ತೆಗೆದು, ಅಳತೆವಾರು ಬೇರೆ ಮಾಡಿ, ಕಟ್ಟಿನ ಮೇಲೆ ಚಿತ್ರದ ಅಳತೆ ಬರೆದು ಸ್ಕ್ಯಾನಿಂಗಿಗೆ ಕೊಡಿ.