ಒದ್ದೆ ಬಣ್ಣ ಒಣಗುವ ತನಕ

ಜಲವರ್ಣದ ಒಂದು ಹನಿಯನ್ನು ಕಾಗದದ ಮೇಲೆ ಬಿಟ್ಟು ಸುಮ್ನೆ ನೋಡುತ್ತಾ ಕುಳಿತುಕೊಳ್ಳಿ. ಮೊದಲು ಹನಿಯ ತುಂಬ ಬಣ್ಣ ಒಂದೇ ಸಮ ಇರುತ್ತದೆ. ಒಣಗುತ್ತಾ ಬಂದ ಹಾಗೆ ನಡುವೆ ತೆಳುವಾಗಿ, ಅಂಚಿನಲ್ಲಿ ಗಾಢವಾದ ಗೆರೆ ಮೂಡುತ್ತದೆ. ಆ ಗೆರೆ ಎಳೆದದ್ದು ನೀರು.

ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಉಂಗುರ ಉಳಿಯುತ್ತದಲ್ವಾ, ಅದರ ಹಿಂದಿರುವುದೂ ಇದೇ ಕಾರಣ. 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಇದನ್ನು ಬಿಡಿಸಿ ಹೇಳಿದರು. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ, ಒಳಕ್ಕೆ ಸರಿಯುವುದಿಲ್ಲ. ನೀರು ಆವಿಯಾಗುವುದು ಅಂಚಿನಲ್ಲೇ ಬೇಗ. ಆ ಕೊರತೆ ತುಂಬಲು ನಡುವಿನ ನೀರು ಹೊರಗಡೆಗೆ ಹರಿಯುತ್ತದೆ. ಹರಿಯುವಾಗ ಸಣ್ಣ ಕಣಗಳನ್ನೂ ಹೊತ್ತುಕೊಂಡು ಹೋಗಿ ಅಂಚಿನಲ್ಲಿ ಬಿಡುತ್ತದೆ.

ಈ ಕಣಗಳಿಗೂ ಒಂದೊಂದು ಗುಣ ಇದೆ. ಅಲ್ಟ್ರಾಮರೀನ್ ನೀಲಿಯ ಕಣಗಳು ಗುಂಪುಗಟ್ಟಿಕೊಂಡು ಕಾಗದದ ತಗ್ಗುಗಳಲ್ಲಿ ಕೂರುತ್ತವೆ. ಅದಕ್ಕೇ ಒಣಗಿದ ಮೇಲೆ ಅದು ತರಿತರಿಯಾಗಿ ಕಾಣುತ್ತದೆ. ಥ್ಯಾಲೊ ನೀಲಿಯ ಕಣಗಳು ಬಹಳ ಸಣ್ಣವು. ಕಾಗದದ ನಾರಿನೊಳಗೆ ಇಳಿದವೆಂದರೆ ತೊಳೆದು ತೆಗೆಯುವುದು ಕಷ್ಟ.

ಜಲವರ್ಣದಲ್ಲಿ ಅರ್ಧ ಕೆಲಸ ಕಾಯುವುದು. ಕಾಗದದ ಮೇಲೆ ನೀರಿನ ಹೊಳಪು ಇರುವಾಗ ಇನ್ನೊಂದು ಬಣ್ಣ ಮುಟ್ಟಿಸಿದರೆ ಎರಡೂ ಮೆತ್ತಗೆ ಬೆರೆಯುತ್ತವೆ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅಂಚು ಚೂಪಾಗಿ ನಿಲ್ಲುತ್ತದೆ. ತೊಂದರೆ ಇರುವುದು ಇವೆರಡರ ನಡುವೆ. ಹೊಳಪು ಆರಿದೆ, ಆದರೆ ಕಾಗದ ಮುಟ್ಟಿದರೆ ಇನ್ನೂ ತಣ್ಣಗಿದೆ. ಆಗ ನೀರು ತುಂಬಿದ ಬ್ರಷ್ ಇಟ್ಟರೆ ಹೊಸ ನೀರು ಹಳೆಯ ಬಣ್ಣವನ್ನು ಹೊರಕ್ಕೆ ತಳ್ಳಿಕೊಂಡು ಹೋಗುತ್ತದೆ. ಸುತ್ತ ಹಲ್ಲುಹಲ್ಲಾದ ಅಂಚಿರುವ ಕಲೆಯೊಂದು ಉಳಿಯುತ್ತದೆ. ಬಣ್ಣ ಹಚ್ಚುವವರು ಇದಕ್ಕೆ ಕಾಲಿಫ್ಲವರ್ ಎಂದೇ ಹೆಸರಿಟ್ಟಿದ್ದಾರೆ.

ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಗಾಳಿಯ ತೇವ ನಿರ್ಧರಿಸುತ್ತದೆ. ಜುಲೈ ತಿಂಗಳ ಆಗುಂಬೆಯಲ್ಲಿ ಚಿತ್ರದ ಆಕಾಶಕ್ಕೆ ಹಚ್ಚಿದ ಬಣ್ಣ ಒಣಗುವಷ್ಟರಲ್ಲಿ ಎರಡು ಸಲ ಕಾಫಿ ಕುಡಿಯಬಹುದು. ಏಪ್ರಿಲ್‌ನ ಕಲಬುರಗಿಯಲ್ಲಿ ಬ್ರಷ್ ತಿರುಗಿಸುವಷ್ಟರಲ್ಲೇ ಅಂಚು ಒಣಗಿರುತ್ತದೆ.

ಚಿತ್ರ ಬಿಡಿಸುವುದು ಧ್ಯಾನದ ಹಾಗೆ ಅಂತ ಜನ ಹೇಳುತ್ತಾರಲ್ಲ, ಅದು ಈ ಕಾಯುವುದರಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಕಣ್ಣು ಮುಚ್ಚಿ ಕೂತರೆ ಮನಸ್ಸು ಎಲ್ಲೆಲ್ಲೋ ಓಡುತ್ತದೆ, ಎಳೆದು ತರಲು ಹಿಡಿತ ಸಿಗುವುದಿಲ್ಲ. ಇಲ್ಲಿ ಹೊಳಪು ಆರುವುದನ್ನು ಗಮನಿಸುತ್ತಲೇ ಇರಬೇಕು. ಗಮನಕ್ಕೆ ಕೆಲಸ ಇರುತ್ತದೆ, ಕೈಗೆ ಬಿಡುವು ಇರುತ್ತದೆ.

ಕಣ್ಣಿಗೂ ಕೆಲಸ ಇದೆ. ಕಿಟಕಿ ಪಕ್ಕ ಒಂದು ಬಿಳಿ ಪಿಂಗಾಣಿ ಕಪ್ ಇಡಿ. ಅದು ಬಿಳಿ ಅಂತ ನಮಗೆ ಗೊತ್ತು, ಹಾಗಾಗಿ ಬಿಳಿಯಾಗಿಯೇ ಕಾಣುತ್ತದೆ. ಬೆಳಕು ಬದಲಾದರೂ ಮಿದುಳು ಅದರ ಲೆಕ್ಕ ಕಳೆದು, ವಸ್ತುವಿನ ಬಣ್ಣ ಬದಲಾಗಿಲ್ಲ ಅಂತಲೇ ತೋರಿಸುತ್ತದೆ. ದಿನನಿತ್ಯದ ಬದುಕಿಗೆ ಇದು ಬೇಕೇ ಬೇಕು. ಆದರೆ ಚಿತ್ರಕ್ಕೆ ಇದೇ ಅಡ್ಡಿ. ನಿಧಾನವಾಗಿ ನೋಡಿದರೆ ನೆರಳಿನ ಬದಿಯಲ್ಲಿ ಆಕಾಶದ ತಿಳಿನೀಲಿ ಇರುತ್ತದೆ. ಪಕ್ಕದಲ್ಲಿ ಕಿತ್ತಳೆ ಹಣ್ಣು ಇದ್ದರೆ ಆ ಕಡೆಯ ಹೊಟ್ಟೆಗೆ ಅದರ ಕೆಂಪು ಛಾಯೆ ಬಂದಿರುತ್ತದೆ. ದಿನಾ ಬಿಡಿಸುವವರಿಗೆ ಈ ಬಣ್ಣಗಳು ಕ್ರಮೇಣ ಸಲೀಸಾಗಿ ಕಾಣತೊಡಗುತ್ತವೆ. ನನ್ನ ಮಟ್ಟಿಗೆ ಚಿತ್ರಕ್ಕಿಂತ ದೊಡ್ಡ ಲಾಭ ಇದು.

ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1960ರ ದಶಕದಲ್ಲಿ ಶಿಕಾಗೊದ ಕಲಾ ವಿದ್ಯಾರ್ಥಿಗಳನ್ನು ಗಮನಿಸಿದ್ದರು. ಚಿತ್ರ ಬಿಡಿಸುವಾಗ ಅವರಿಗೆ ಹಸಿವು, ಆಯಾಸ ಯಾವುದರ ಪರಿವೆಯೂ ಇರುತ್ತಿರಲಿಲ್ಲ. ಚಿತ್ರ ಮುಗಿದ ಕೂಡಲೇ ಅದನ್ನು ಬದಿಗಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತಿದ್ದರು. ಅವರಿಗೆ ಬೇಕಿದ್ದದ್ದು ಬಿಡಿಸುವ ಹೊತ್ತು. ಈ ಮೈಮರೆವಿಗೇ ಮುಂದೆ ಚಿಕ್‌ಸೆಂಟ್‌ಮಿಹಾಯ್ ‘ಫ್ಲೋ’ (ಹರಿವು) ಎಂದು ಹೆಸರಿಟ್ಟರು.

ಮೈಮೇಲೆ ಆಗುವ ಪರಿಣಾಮವನ್ನೂ ಅಳೆದು ನೋಡಿದ್ದಾರೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಾಲ್ ಮತ್ತು ಸಂಗಡಿಗರು 39 ಮಂದಿಗೆ 45 ನಿಮಿಷ ಬೇಕಾದ ಹಾಗೆ ಕಲೆ ಮಾಡಲು ಬಿಟ್ಟರು. ಮೊದಲು ಮತ್ತು ಆಮೇಲೆ ಎಂಜಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಎಷ್ಟಿದೆ ಅಂತ ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸುಮಾರು 75% ಜನರಲ್ಲಿ ಅದು ಇಳಿದಿತ್ತು. ಕಲೆಯ ಅನುಭವ ಇದ್ದವರು, ಇಲ್ಲದವರು ಎಂಬ ಭೇದ ಕಾಣಲಿಲ್ಲ. ಆದರೆ ಹೋಲಿಸಿ ನೋಡಲು, ಅಷ್ಟೇ ಹೊತ್ತು ಬೇರೇನೋ ಮಾಡಿದ ಇನ್ನೊಂದು ಗುಂಪು ಇರಲಿಲ್ಲ. ಕಾರ್ಟಿಸಾಲ್ ಬೆಳಿಗ್ಗೆ ಜಾಸ್ತಿ ಇದ್ದು ಹೊತ್ತು ಹೋದಂತೆ ತಾನಾಗಿಯೂ ಇಳಿಯುತ್ತದೆ. ಹಾಗಾಗಿ ಇದನ್ನು ಔಷಧಿ ಅಂತ ಸಾರುವುದು ಸರಿಯಲ್ಲ. ಚೆನ್ನಾಗಿ ಬಿಡಿಸಲು ಬರಲೇಬೇಕು ಅಂತೇನಿಲ್ಲ ಅನ್ನುವ ಸುಳಿವು ಮಾತ್ರ ನನಗೆ ಬಹಳ ಹಿಡಿಸಿತು.

ಶುರು ಮಾಡುವವರು ಇಪ್ಪತ್ನಾಲ್ಕು ಬಣ್ಣದ ಡಬ್ಬಿ ಕೊಳ್ಳಬೇಕಿಲ್ಲ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಕಂದು, ಎರಡು ಟ್ಯೂಬ್ ಸಾಕು. ಸಮ ಬೆರೆಸಿದರೆ ಬೂದು ಬರುತ್ತದೆ. ನೀಲಿ ಜಾಸ್ತಿಯಾದರೆ ಮಳೆಮೋಡ, ಕಂದು ಜಾಸ್ತಿಯಾದರೆ ಮರದ ತೊಗಟೆ. ಉಳಿದ ದುಡ್ಡನ್ನು ಕಾಗದಕ್ಕೆ ಹಾಕಿ. ಮಾಮೂಲಿ ಡ್ರಾಯಿಂಗ್ ಶೀಟ್ ನೀರು ಕುಡಿದು ಸುಕ್ಕಾಗುತ್ತದೆ, ಬಣ್ಣ ಗುಂಡಿಗಳಲ್ಲಿ ನಿಲ್ಲುತ್ತದೆ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ಜಲವರ್ಣ ಕಾಗದ ತಂದು ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿಟ್ಟುಕೊಂಡರೆ ಒಂದೇ ಹಾಳೆ ಎಷ್ಟೋ ದಿನಕ್ಕೆ ಬರುತ್ತದೆ.