ಕೊರೊಲ್ಲಾ ಅಂದರೆ ಯಾವ ಕೊರೊಲ್ಲಾ?

ಪೀಣ್ಯದಲ್ಲಿ ರಬ್ಬರ್ ಬಿಡಿಭಾಗ ತಯಾರಿಸುವ ಒಬ್ಬರು ಹೋದ ವರ್ಷ ನನ್ನ ಟೇಬಲ್ ಮೇಲೆ ಒಂದು ಇಂಜಿನ್ ಮೌಂಟಿಂಗ್ ಇಟ್ಟರು, ಅಂದರೆ ಇಂಜಿನ್ನನ್ನು ಕಾರಿಗೆ ಹಿಡಿದಿಡುವ ರಬ್ಬರ್ ಭಾಗ. ಕೆನ್ಯಾದ ನೈರೋಬಿಯವರೆಗೆ ಹೋಗಿ ವಾಪಸ್ ಬಂದ ಮಾಲು. "ನೀವೇ ನೋಡಿ ಸರ್, ಏನು ತಪ್ಪಿದೆ ಇದರಲ್ಲಿ?" ಎಂದರು. ತಿರುಗಿಸಿ ಮುರುಗಿಸಿ ನೋಡಿದೆ. ತಪ್ಪೇನೂ ಇರಲಿಲ್ಲ. ಒಳ್ಳೆಯ ರಬ್ಬರ್. ಲೋಹಕ್ಕೆ ಅಂಟಿದ ಕಡೆ ಕೂದಲೆಳೆಯಷ್ಟೂ ಬಿರುಕಿಲ್ಲ. ಅಲ್ಲಿನ ಅಂಗಡಿಯವರು ಟೊಯೊಟಾ ಕೊರೊಲ್ಲಾ ಕಾರಿನ ಮೌಂಟಿಂಗ್ ಕೇಳಿದ್ದರು, ಇವರು ಕೊರೊಲ್ಲಾ ಮೌಂಟಿಂಗೇ ಕಳಿಸಿದ್ದರು. ಆದರೆ ಬಂದ ಗಿರಾಕಿಗಳ ಕಾರಿಗೆ ಅದು ಕೂರಲೇ ಇಲ್ಲ.

ನಾನು ವಾಹನ ಬಿಡಿಭಾಗ ತಯಾರಿಸುವ ಸಣ್ಣ ಘಟಕಗಳಿಗೆ ರಫ್ತಿನ ಸಲಹೆ ಕೊಡುವವನು. ಬೆಂಗಳೂರು, ಬೆಳಗಾವಿ, ಹುಬ್ಬಳ್ಳಿ, ಹೊಸೂರು ಕಡೆಯವರು ಬರುತ್ತಾರೆ. ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಆಫ್ರಿಕಾ ಮಾರ್ಕೆಟ್ ಮುಂದೆ ಹೇಗಿದೆ?" ಚೆನ್ನಾಗಿದೆ ಅಂತಲೇ ನನ್ನ ಅಂದಾಜು. ಆದರೆ ಈ ಉತ್ತರ ಕೇಳಿ ಎದ್ದು ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಲಿ ಯಾವ ಗಾಡಿ ಓಡುತ್ತಿದೆ ಅಂತ ತಿಳಿಯದೆ ಕಂಟೈನರ್ ತುಂಬಿದವರು ಕೈ ಸುಟ್ಟುಕೊಂಡಿದ್ದನ್ನು ನಾನು ಬಹಳ ಸಲ ನೋಡಿದ್ದೇನೆ.

ಆ ಮೌಂಟಿಂಗ್ ಕಥೆ ಏನಾಯಿತು ಅಂದರೆ ಹೀಗೆ. 2003ರಲ್ಲಿ ಭಾರತಕ್ಕೆ ಬಂದ ಕೊರೊಲ್ಲಾದಲ್ಲಿ ಇದ್ದದ್ದು 1.8 ಲೀಟರ್ ಇಂಜಿನ್. ಇಂಜಿನ್ ಹೆಸರು 1ಝಡ್‌ಝಡ್, ಷಾಸಿ ಕೋಡ್ (ಕಾರಿನ ಮಾದರಿ ಗುರುತಿಸುವ ಸಂಕೇತ) ಝಡ್‌ಝಡ್‌ಇ 122. ಅದೇ ಕಾಲದಲ್ಲಿ ಜಪಾನಿನಲ್ಲಿ ಓಡಿ, ಆಮೇಲೆ ಕೆನ್ಯಾದ ಮೊಂಬಾಸಾ ಬಂದರಿನಲ್ಲಿ ಇಳಿದ ಕೊರೊಲ್ಲಾಗಳಲ್ಲಿ ಹೆಚ್ಚಿನವು 1.5 ಲೀಟರಿನವು. ಇಂಜಿನ್ 1ಎನ್‌ಝಡ್, ಷಾಸಿ ಎನ್‌ಝಡ್‌ಇ 121. ಹೆಸರು ಒಂದೇ, ಹೊರಗಿನಿಂದ ನೋಡಿದರೆ ಅಣ್ಣ ತಮ್ಮನ ಹಾಗಿವೆ. ಬಾನೆಟ್ ಎತ್ತಿದರೆ ಬೇರೆ ಮನೆ. ಪೀಣ್ಯದವರ ಬಳಿ ಇದ್ದದ್ದು ಇಲ್ಲಿನ ಕ್ಯಾಟಲಾಗ್, ಅಚ್ಚು ಮಾಡಿಸಿದ್ದು ಅದನ್ನೇ ನೋಡಿ.

ಟೊಯೊಟಾ ಪಾರ್ಟ್ ನಂಬರ್ ಓದಲು ಬಂದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಮೊದಲ ಐದು ಅಂಕಿ ಅದು ಯಾವ ಭಾಗ ಅಂತ ಹೇಳುತ್ತದೆ. 04465 ಅಂದರೆ ಮುಂದಿನ ಬ್ರೇಕ್ ಪ್ಯಾಡ್, 48510 ಮುಂದಿನ ಬಲಗಡೆ ಶಾಕ್ ಅಬ್ಸಾರ್ಬರ್, 43512 ಮುಂದಿನ ಬ್ರೇಕ್ ಡಿಸ್ಕ್. ಆಮೇಲಿನ ಐದು ಅಂಕಿ ಅದು ಯಾವ ಗಾಡಿಯದ್ದು ಅಂತ ಹೇಳುತ್ತದೆ. ಬಲಗಡೆ ಇಂಜಿನ್ ಮೌಂಟಿಂಗ್ 12305ರಿಂದ ಶುರುವಾಗುತ್ತದೆ. ಅದರ ಮುಂದೆ 22 ಬಂದರೆ ಸಾಮಾನ್ಯವಾಗಿ ಝಡ್‌ಝಡ್ ಇಂಜಿನ್ನಿನದು, 21 ಬಂದರೆ ಎನ್‌ಝಡ್ ಇಂಜಿನ್ನಿನದು. ಆ ಒಂದು ಅಂಕಿ ನೋಡದೆ ಹೋದದ್ದಕ್ಕೆ ಅವರ ಅಷ್ಟೂ ಮಾಲು ನೈರೋಬಿ ಗೋಡೌನಿನಲ್ಲಿ ಧೂಳು ತಿನ್ನುತ್ತಾ ಕೂತಿತು.

ಇನ್ನೊಂದು ಮಾತು. ಜಪಾನಿನ ಒಳಗೆ ಮಾರಾಟಕ್ಕೆಂದು ತಯಾರಾದ ಕಾರಿಗೆ ನಮ್ಮಲ್ಲಿರುವ 17 ಅಕ್ಷರದ ವಿಐಎನ್, ಅಂದರೆ ವಾಹನದ ಗುರುತಿನ ನಂಬರ್, ಇರುವುದಿಲ್ಲ. ಷಾಸಿ ಕೋಡ್, ಒಂದು ಗೀಟು, ಆಮೇಲೆ ಕ್ರಮ ಸಂಖ್ಯೆ, ಅಷ್ಟೇ. ನಮ್ಮ ಕಡೆಯವರು "ಪೂರ್ತಿ ನಂಬರ್ ಕಳಿಸಿ" ಅಂತ ಅಲ್ಲಿನವರಿಗೆ ಮತ್ತೆ ಮತ್ತೆ ಮೇಲ್ ಹಾಕುತ್ತಾರೆ. ಪೂರ್ತಿ ನಂಬರ್ ಅದೇ ಸ್ವಾಮಿ, ಅವರು ಕಳಿಸಿಯಾಗಿದೆ.

ಮೊದಲ ಸಲ ನೈರೋಬಿಯ ಕಿರಿನ್ಯಾಗಾ ರಸ್ತೆಗೆ ಹೋದಾಗ ನನಗೆ ನಮ್ಮ ಜೆ.ಸಿ. ರಸ್ತೆ ನೆನಪಾಯಿತು. ಒತ್ತೊತ್ತಾಗಿ ಸ್ಪೇರ್ ಪಾರ್ಟ್ಸ್ ಅಂಗಡಿಗಳು, ಗ್ರೀಸ್ ವಾಸನೆ, ತಲೆ ಮೇಲೆ ಬಂಪರ್ ಹೊತ್ತು ಹೋಗುವ ಹುಡುಗರು. ಒಂದು ಅಂಗಡಿಯಲ್ಲಿ ಅರ್ಧ ದಿನ ಸುಮ್ನೆ ಕೂತೆ. ಕಾರಿನ ಮಾಲೀಕರು ಬರುವುದು ಅಪರೂಪ. ಬರುವವರೆಲ್ಲ ಮೆಕ್ಯಾನಿಕ್‌ಗಳು. ಅಲ್ಲಿ ಅವರನ್ನು ಫುಂಡಿ ಅಂತಾರೆ. ಬಯಲಿನಲ್ಲಿ ಬಿಸಿಲಿಗೆ ಕೂತು ಕೆಲಸ ಮಾಡುವ ಇಂಥ ಕಸುಬಿಗೆ ಜುವಾ ಕಾಲಿ ಅಂತ ಹೆಸರು. ಸ್ವಾಹಿಲಿಯಲ್ಲಿ ಸುಡು ಬಿಸಿಲು ಅಂತ ಅರ್ಥ.

ಒಬ್ಬ ಫುಂಡಿ ಬಂದ. ಜೇಬಿನಿಂದ ಹಳೇ ಬುಷ್ (ಕೀಲುಗಳ ನಡುವೆ ಕೂರುವ ರಬ್ಬರ್ ಬಳೆ) ತೆಗೆದು ಕೌಂಟರ್ ಮೇಲಿಟ್ಟ. "ವನ್ ಫೋರ್ ವನ್" ಎಂದ. ಕಾರಿನ ಹೆಸರೇ ಹೇಳಲಿಲ್ಲ. ಎನ್‌ಝಡ್‌ಇ 141 ಅಂದರೆ ಕೊರೊಲ್ಲಾದಲ್ಲೇ ಫೀಲ್ಡರ್ ಅಥವಾ ಆಕ್ಸಿಯೊ ಅಂತ ಅಂಗಡಿ ಹುಡುಗನಿಗೆ ಗೊತ್ತು. ಅವನು ಮೂರು ಬುಷ್ ತಂದಿಟ್ಟ. ಫುಂಡಿ ಒಂದೊಂದನ್ನೂ ಹಳೆಯದರ ಪಕ್ಕ ಹಿಡಿದ, ಉಗುರಿನಿಂದ ರಬ್ಬರ್ ಒತ್ತಿ ನೋಡಿದ, ಮೂಗಿಗೆ ಹಿಡಿದು ವಾಸನೆಯನ್ನೂ ನೋಡಿದ. ಆಮೇಲೆ ನಡುವಿನ ಬೆಲೆಯದನ್ನು ತಗೊಂಡು ಹೋದ. ನಿಮ್ಮ ಮಾಲಿನ ಹಣೆಬರಹ ತೀರ್ಮಾನವಾಗುವುದು ಆ ಒಂದು ನಿಮಿಷದಲ್ಲಿ. ಸರಿಯಾಗಿ ಕೂರದ ಭಾಗ ಕೊಟ್ಟರೆ ಅವನಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಆಮೇಲೆ ಅವನು ನಿಮ್ಮ ಡಬ್ಬಿಯನ್ನು ಮುಟ್ಟುವುದೂ ಇಲ್ಲ.

ನಮ್ಮವರು ಚೀನಾದ ಬೆಲೆಗೆ ಹೆದರುತ್ತಾರೆ. ಹೆದರಬೇಕಾದದ್ದೇ, ಆದರೆ ಅದರ ಪಕ್ಕದ ಕಪಾಟನ್ನೂ ನೋಡಬೇಕು. ಅಲ್ಲಿ ಎಕ್ಸ್ ಜಪಾನ್ ಅಂತ ಕರೆಯುವ ಮಾಲಿದೆ. ಜಪಾನಿನಲ್ಲಿ ಬಿಚ್ಚಿದ ಕಾರಿನಿಂದ ತೆಗೆದ, ಬಳಸಿದ ಅಸಲಿ ಭಾಗ. ಗೊತ್ತಿಲ್ಲದ ಹೆಸರಿನ ಹೊಸ ಶಾಕ್ ಅಬ್ಸಾರ್ಬರ್‌ಗಿಂತ ಬಳಸಿದ ಅಸಲಿಯೇ ವಾಸಿ ಅಂತ ನಂಬುವವರು ಅಲ್ಲಿ ಬಹಳ ಜನ. ನೈಜೀರಿಯಾದಲ್ಲೂ ಹಾಗೇ, ಅಲ್ಲಿ ಬಳಸಿದ ಮಾಲಿಗೆ ಟೊಕುನ್ಬೊ ಅಂತಾರೆ. ನಕಲಿ ಮಾಲಿನಿಂದ ಪೆಟ್ಟು ತಿಂದು ತಿಂದು ಬಂದ ಬುದ್ಧಿ ಅದು, ಅವರನ್ನು ದೂರಿ ಪ್ರಯೋಜನವಿಲ್ಲ.

ಈಗ ಮುನ್ನೋಟಕ್ಕೆ ಬರುತ್ತೇನೆ. ನನ್ನ ಬಳಿ ಬರುವವರು ಮೊದಲು ಹುಡುಕುವುದು ಹೊಸ ಕಾರು ಮಾರಾಟದ ಅಂಕಿ. ಕೆನ್ಯಾದಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೊಸ ವಾಹನ ಮಾರಾಟ ವರ್ಷಕ್ಕೆ ಹತ್ತು ಹದಿನೈದು ಸಾವಿರದ ಆಸುಪಾಸು. ಭಾರತದಲ್ಲಿ ವರ್ಷಕ್ಕೆ 40 ಲಕ್ಷಕ್ಕೂ ಜಾಸ್ತಿ ಕಾರು ಹೋಗುತ್ತವೆ. ಅಂದರೆ ಅವರ ಒಂದು ವರ್ಷದ ಲೆಕ್ಕ ಹೆಚ್ಚುಕಮ್ಮಿ ನಮ್ಮ ಒಂದು ದಿನದ್ದು. ಇದನ್ನು ನೋಡಿ "ಅಯ್ಯೋ, ಇಷ್ಟೇನಾ" ಅಂತ ಫೈಲ್ ಮುಚ್ಚುತ್ತಾರೆ. ಹೊಸ ಕಾರಿಗೂ ನಿಮಗೂ ಏನು ಸಂಬಂಧ? ಹೊಸ ಕಾರಿಗೆ ಬುಷ್ ಯಾರು ಹಾಕಿಸುತ್ತಾರೆ?

ಅಲ್ಲಿನ ರಸ್ತೆಗೆ ಇಳಿಯುವ ಕಾರುಗಳಲ್ಲಿ ಬಹುಪಾಲು ಹಳೆಯವು. 2015ರಿಂದ 2018ರವರೆಗೆ ಯುರೋಪ್ ಒಕ್ಕೂಟ, ಜಪಾನ್ ಮತ್ತು ಅಮೆರಿಕದಿಂದ ಒಟ್ಟು 1.4 ಕೋಟಿ ಬಳಸಿದ ಕಾರು, ವ್ಯಾನುಗಳು ಹೊರದೇಶಗಳಿಗೆ ಹೋದವು. ಸುಮಾರು ಶೇ. 40 ಆಫ್ರಿಕಾಕ್ಕೆ. ಇದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2020ರಲ್ಲಿ ಕೊಟ್ಟ ಲೆಕ್ಕ. ಹಡಗಿನಿಂದ ಇಳಿಯುವ ಹೊತ್ತಿಗೇ ಆ ಕಾರಿಗೆ ಸಾಕಷ್ಟು ವಯಸ್ಸಾಗಿರುತ್ತದೆ. ಇಳಿದ ದಿನದಿಂದಲೇ ಅದು ನಿಮ್ಮ ಗಿರಾಕಿ.

ಕೆನ್ಯಾದ ವಿಷಯದಲ್ಲಿ ಇದನ್ನು ಬೆರಳಲ್ಲಿ ಎಣಿಸಬಹುದು. ಎಂಟು ವರ್ಷ ದಾಟಿದ ಕಾರು ಅಲ್ಲಿಗೆ ಬರುವ ಹಾಗಿಲ್ಲ, ಸ್ಟಿಯರಿಂಗ್ ಬಲಗಡೆಯೇ ಇರಬೇಕು. 2025ರಲ್ಲಿ ಆಮದಾಗಬೇಕಾದರೆ 2018 ಅಥವಾ ಆಮೇಲೆ ನೋಂದಣಿಯಾದ ಕಾರೇ ಆಗಬೇಕಿತ್ತು. ಜಪಾನಿನ ಕಡೆಯ ಲೆಕ್ಕವೂ ಇದಕ್ಕೆ ಸರಿಹೊಂದುತ್ತದೆ. ಅಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಕಡ್ಡಾಯ ತಪಾಸಣೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ಅದಕ್ಕೆ ಖರ್ಚು ಜಾಸ್ತಿ. ಹಾಗಾಗಿ ಐದನೇ, ಏಳನೇ ವರ್ಷದ ತಪಾಸಣೆ ಹತ್ತಿರ ಬಂದಾಗ ಎಷ್ಟೋ ಜನ ಕಾರು ಮಾರಿಬಿಡುತ್ತಾರೆ. ಏಳು ವರ್ಷದ ಕಾರು ಹರಾಜಿಗೆ ಬಂತು, ಎಂಟರೊಳಗೆ ಮೊಂಬಾಸಾ ಸೇರಿತು. ಅಲ್ಲಿ ಇನ್ನೂ ಹತ್ತು ಹದಿನೈದು ವರ್ಷ ಓಡುತ್ತದೆ.

ಹೀಗಿರುವಾಗ ನೈರೋಬಿಯಲ್ಲಿ 2030ಕ್ಕೆ ಯಾವ ಬಿಡಿಭಾಗ ಬೇಕಾಗುತ್ತದೆ ಅಂತ ತಿಳಿಯಲು ಜ್ಯೋತಿಷ್ಯ ಬೇಕಿಲ್ಲ. ಜಪಾನಿನಲ್ಲಿ 2018ರಿಂದ 2022ರವರೆಗೆ ಯಾವ ಕಾರು ಜಾಸ್ತಿ ಮಾರಾಟವಾಯಿತು ನೋಡಿ. ಈ ಒಂದು ಮಾತನ್ನು ನಾನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ. ತಲೆಯಾಡಿಸುತ್ತಾರೆ, ಮರುವಾರ ಬಂದು ಭಾರತದ ಮಾಡೆಲ್‌ಗಳ ಪಟ್ಟಿಯನ್ನೇ ಮುಂದೆ ಹಿಡಿಯುತ್ತಾರೆ.

ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಮಾಲೀಕರೊಬ್ಬರಿದ್ದಾರೆ. ಬಹಳ ಪ್ರೀತಿಯ ಮನುಷ್ಯ, ಬಂದಾಗೆಲ್ಲ ಕುಂದಾ ತರುತ್ತಾರೆ. ಅವರೊಮ್ಮೆ, "ನಮ್ಮ ಬೀಗರು ಕ್ಲಚ್ ಪ್ಲೇಟ್ ಮಾಡ್ತಾರ್ರೀ ಸರ್, ಅದನ್ನೂ ಕಂಟೈನರಿನ್ಯಾಗ ಹಾಕೂಣೇನ್ರಿ?" ಎಂದರು. ಸ್ವಲ್ಪ ತಡೀರಿ ಅಂದೆ. ಜಪಾನಿನಿಂದ ಬರುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಆಟೊಮ್ಯಾಟಿಕ್ ಅಥವಾ ಸಿವಿಟಿ. ಅವುಗಳಲ್ಲಿ ಕ್ಲಚ್ ಪೆಡಲೇ ಇಲ್ಲ. ಮಟಾಟು, ಅಂದರೆ ಅಲ್ಲಿನ ಬಾಡಿಗೆ ಮಿನಿಬಸ್ಸಾಗಿ ಓಡಿಸುವ ಹಯೇಸ್ ವ್ಯಾನು, ಇಸುಜು ಲಾರಿಗಳಿಗೆ ಕ್ಲಚ್ ಪ್ಲೇಟ್ ಬೇಕು, ಆದರೆ ಅದು ಬೇರೆಯೇ ಸೈಜು, ಬೇರೆಯೇ ಪೈಪೋಟಿ. ಈಗ ಹೈಬ್ರಿಡ್ ಕಾರುಗಳೂ ಬರುತ್ತಿವೆ. ಹೈಬ್ರಿಡ್‌ನಲ್ಲಿ ಬ್ರೇಕಿನ ಕೆಲಸದ ಒಂದು ಪಾಲನ್ನು ಮೋಟಾರೇ ಮಾಡುವುದರಿಂದ ಪ್ಯಾಡ್ ನಿಧಾನಕ್ಕೆ ಸವೆಯುತ್ತದೆ. ಅಲ್ಲಿನ ಹಂಪು, ಗುಂಡಿಗಳಿಗೆ ಮಾತ್ರ ಯಾವ ಕಾರಾದರೂ ಒಂದೇ. ಅದರ ಮೇಲೆ, ಕಾರು ಕೆಳಗೆ ತಾಗುತ್ತದೆ ಅಂತ ಸ್ಪೇಸರ್ ಹಾಕಿ ಎತ್ತರಿಸುವ ರೂಢಿಯೂ ಇದೆ. ಆಗ ಲಿಂಕ್ ರಾಡು, ಆಕ್ಸಲ್ ಬೂಟುಗಳಿಗೆ ಇನ್ನಷ್ಟು ಎಳೆತ ಬೀಳುತ್ತದೆ. ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ವ್ಯಾಪಾರಕ್ಕೆ ಸದ್ಯ ಭಯ ಕಾಣುತ್ತಿಲ್ಲ.

ಈವರೆಗೆ ಹೇಳಿದ್ದು ಪೂರ್ವ ಆಫ್ರಿಕಾದ ಮಾತು, ಅದರಲ್ಲೂ ಕೆನ್ಯಾದ್ದು. ನೈಜೀರಿಯಾಕ್ಕೆ ಇದೇ ಲೆಕ್ಕ ಹಿಡಿದು ಹೋದರೆ ಮತ್ತೆ ಎಡವುತ್ತೀರಿ. ನೈಜೀರಿಯಾ 1972ರಲ್ಲಿ, ಘಾನಾ 1974ರಲ್ಲಿ ರಸ್ತೆಯ ಬಲಗಡೆಗೆ ಬದಲಾದವು. ಅಲ್ಲಿ ಸ್ಟಿಯರಿಂಗ್ ಎಡಗಡೆ. ಹಳೇ ಕಾರು ಬರುವುದು ಹೆಚ್ಚಾಗಿ ಅಮೆರಿಕ, ಯುರೋಪ್‌ನಿಂದ. ಸ್ಟಿಯರಿಂಗ್ ರ‍್ಯಾಕ್, ಹೆಡ್‌ಲೈಟ್, ವೈಪರ್ ಲಿಂಕೇಜ್ ಎಲ್ಲ ಬೇರೆ. ಲಾಗೋಸ್‌ನ ಲಾಡಿಪೊ, ಅಕ್ರಾದ ಅಬೊಸ್ಸೆ ಒಕಾಯ್ ಮಾರ್ಕೆಟ್‌ಗಳ ಜೊತೆ ವ್ಯಾಪಾರ ಮಾಡುವುದಾದರೆ ಕ್ಯಾಟಲಾಗನ್ನು ಹೊಸದಾಗಿ ಶುರು ಮಾಡಿ. ದಕ್ಷಿಣ ಆಫ್ರಿಕಾ ಮತ್ತೊಂದು ದಾರಿ, ಅಲ್ಲಿ ಹಳೇ ಕಾರಿನ ಆಮದನ್ನೇ ತಡೆದಿದ್ದಾರೆ, ಕಾರು ಅಲ್ಲೇ ತಯಾರಾಗುತ್ತದೆ.

ಬೈಕಿನ ವಿಷಯದಲ್ಲಿ ಮಾತ್ರ ನಮ್ಮವರಿಗೆ ಅನುಕೂಲವಿದೆ, ಅದನ್ನೇ ಕಡೆಗಣಿಸುತ್ತಾರೆ. ಬೋಡಾ ಬೋಡಾ ಅಂತ ಕರೆಯುವ ಬಾಡಿಗೆ ಬೈಕುಗಳಲ್ಲಿ ಬಜಾಜ್ ಬಾಕ್ಸರ್, ಟಿವಿಎಸ್ ಎಚ್‌ಎಲ್‌ಎಕ್ಸ್ ಎಲ್ಲೆಲ್ಲೂ ಕಾಣುತ್ತವೆ. ತಾಂಜಾನಿಯಾದಲ್ಲಿ ಆಟೊ ರಿಕ್ಷಾಕ್ಕೆ ಬಜಾಜಿ ಅಂತಲೇ ಹೆಸರು. ಇವುಗಳ ಡ್ರಾಯಿಂಗ್, ಅಚ್ಚು, ಅನುಭವ ಎಲ್ಲ ನಮ್ಮ ಮನೆಯಲ್ಲೇ ಇದೆ. ಚೈನ್ ಸ್ಪ್ರಾಕೆಟ್, ಬ್ರೇಕ್ ಶೂ ಮಾಡುವವರು ಕಾರಿಗಿಂತ ಮೊದಲು ಇಲ್ಲಿಂದ ಶುರು ಮಾಡುವುದು ಒಳ್ಳೆಯದು.

ಆದರೂ ಹುಷಾರಾಗಿರಿ. ಇಥಿಯೋಪಿಯಾ 2024ರ ಜನವರಿಯಲ್ಲಿ ಪೆಟ್ರೋಲ್, ಡೀಸೆಲ್ ಖಾಸಗಿ ಕಾರುಗಳ ಆಮದನ್ನು ನಿಲ್ಲಿಸಿತು. ರುವಾಂಡಾ 2025ರಿಂದ ಕಿಗಾಲಿಯಲ್ಲಿ ಹೊಸ ಬಾಡಿಗೆ ಬೈಕ್ ಎಲೆಕ್ಟ್ರಿಕ್ ಆಗಿದ್ದರೆ ಮಾತ್ರ ನೋಂದಣಿ ಎಂದಿತು. ಈಗಿರುವ ಗಾಡಿಗಳು ನಾಳೆಯೇ ಮಾಯವಾಗುವುದಿಲ್ಲ, ಆದರೆ ಪಿಸ್ಟನ್ ರಿಂಗ್‌ಗೆ ಹೊಸ ಯಂತ್ರ ಹಾಕುವ ಮುಂಚೆ ಈ ಸುದ್ದಿಗಳನ್ನು ಓದಿಕೊಳ್ಳಿ. ದುಡ್ಡಿನ ವಿಷಯವೂ ಅಷ್ಟೇ. 2023ರ ಜೂನ್‌ನಲ್ಲಿ ನೈಜೀರಿಯಾ ತನ್ನ ಕರೆನ್ಸಿ ನೈರಾದ ದರದ ಮೇಲಿನ ಹಿಡಿತ ಸಡಿಲಿಸಿತು, ಮುಂದಿನ ತಿಂಗಳುಗಳಲ್ಲಿ ಅದರ ಬೆಲೆ ಪಾತಾಳಕ್ಕಿಳಿಯಿತು. ಆಗ ಸಾಲದ ಮೇಲೆ ಮಾಲು ಕೊಟ್ಟಿದ್ದವರ ಪಾಡು ನಾನು ನೋಡಿದ್ದೇನೆ. ಖರೀದಿಸಿದವರು ಮೋಸಗಾರರಲ್ಲ, ಅವರ ಕೈಯಲ್ಲಿದ್ದ ಹಣಕ್ಕೆ ಡಾಲರ್ ಸಿಗಲಿಲ್ಲ ಅಷ್ಟೇ. ಮೊದಲ ವ್ಯವಹಾರಕ್ಕೆ ಮುಂಗಡ ಇಲ್ಲವೇ ಬ್ಯಾಂಕ್ ಖಾತರಿ ಕೇಳಿ. ಕೆನ್ಯಾಕ್ಕಾದರೆ ಹಡಗು ಹತ್ತಿಸುವ ಮುಂಚೆಯೇ ಗುಣಮಟ್ಟ ತಪಾಸಣೆಯ ಸರ್ಟಿಫಿಕೇಟ್ ಮಾಡಿಸಿ, ಬಂದರಿನಲ್ಲಿ ನೋಡಿಕೊಂಡರಾಯಿತು ಅನ್ನಬೇಡಿ.

ಪೀಣ್ಯದವರ ಆ ಮಾಲು ಪೂರ್ತಿ ಹಾಳಾಗಲಿಲ್ಲ. ಡರ್ಬನ್‌ನಲ್ಲಿ ತಯಾರಾದ ಆ ಕಾಲದ ಕೊರೊಲ್ಲಾಗಳಲ್ಲಿ ಝಡ್‌ಝಡ್ ಇಂಜಿನ್ ಇತ್ತು ಅನ್ನುವುದು ನೆನಪಾಯಿತು. ದಕ್ಷಿಣ ಆಫ್ರಿಕಾಕ್ಕೆ ಸ್ಯಾಂಪಲ್ ಕಳಿಸಿ, ಕೂರಿಸಿ ನೋಡಿಸಿ, ಒಂದಷ್ಟನ್ನು ಅಲ್ಲಿ ಮಾರಿದೆವು. ಸಾಗಣೆ ಖರ್ಚು ಕಳೆದರೆ ಲಾಭವೇನೂ ಉಳಿಯಲಿಲ್ಲ.

ಹೋದ ತಿಂಗಳು ಅವರೇ ಫೋನ್ ಮಾಡಿದರು. "ಫೀಲ್ಡರ್ ಹೈಬ್ರಿಡ್ ಬಗ್ಗೆ ಹೇಳಿದ್ರಲ್ಲ ಸರ್, ಎನ್‌ಕೆಇ 165. ಅದರ ಹಳೇ ಮೌಂಟಿಂಗ್ ಸಿಗುತ್ತಾ?" ನೈರೋಬಿಯ ಅಂಗಡಿಯವರಿಗೆ ಹೇಳಿ ಎರಡು ತರಿಸಿಕೊಟ್ಟೆ. ಸ್ವಾಹಿಲಿ ಪೇಪರಿನಲ್ಲಿ ಸುತ್ತಿ ಕಳಿಸಿದ್ದರು, ಆಯಿಲ್ ಇನ್ನೂ ಆರಿರಲಿಲ್ಲ. ಎರಡರಲ್ಲೂ ರಬ್ಬರ್ ಹರಿದದ್ದು ಒಂದೇ ಕಡೆ, ಒಳಗಿನ ತೋಳು ಹೊರಗಿನ ಬಳೆಗೆ ಸೇರುವ ಜಾಗದಲ್ಲಿ. ಅವರು ಒಂದನ್ನು ಗರಗಸದಲ್ಲಿ ಸೀಳಿ, ಆ ಜಾಗದ ದಪ್ಪ ಅಳೆದು, ಮೊನ್ನೆ ನನಗೆ ಫೋಟೊ ಕಳಿಸಿದ್ದಾರೆ.