ಲಕ್ವಾ ಹೊಡೆದದ್ದು ಮಾವನಿಗೆ, ನಡ ಹಿಡಿದದ್ದು ಸೊಸೆಗೆ

ಮನೆಯ ಹಿರಿಯರಿಗೆ ಲಕ್ವಾ ಹೊಡೆಯುತ್ತದೆ. ಪುಣ್ಯಕ್ಕೆ ಜೀವ ಉಳಿಯುತ್ತದೆ, ಕೆಲವು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸುತ್ತಾರೆ. ಎರಡು-ಮೂರು ತಿಂಗಳು ಕಳೆಯುವಷ್ಟರಲ್ಲಿ ಅದೇ ಮನೆಯಿಂದ ಇನ್ನೊಬ್ಬರು ಡಾಕ್ಟರ ಹತ್ತಿರ ಬರುತ್ತಾರೆ. ಸೊಸೆ ಇರಬಹುದು, ಹೆಂಡತಿ ಇರಬಹುದು, ಮಗಳಿರಬಹುದು. "ಅವರನ್ನ ಎಬ್ಬಸಾಕ ಹೋಗಿ ನಡಾ ಹಿಡದೈತ್ರಿ" ಅನ್ನುತ್ತಾರೆ. ಒಂದು ಮುಲಾಮು, ನಾಲ್ಕು ನೋವಿನ ಗುಳಿಗೆ ಬರೆಸಿಕೊಂಡು ಹೋಗುತ್ತಾರೆ, ಸಂಜೆ ಮತ್ತೆ ಅದೇ ಥರ ಎತ್ತುತ್ತಾರೆ.

ಹುಬ್ಬಳ್ಳಿ-ಧಾರವಾಡದಲ್ಲಿ, ಗದಗ-ಹಾವೇರಿ ಕಡೆಯ ಹಳ್ಳಿಗಳಲ್ಲಿ ಇದು ಹೊಸ ಮಾತೇನಲ್ಲ. ಆದರೆ ಇದನ್ನು ನಾವು ಎರಡು ಬೇರೆ ಬೇರೆ ತೊಂದರೆ ಅಂದುಕೊಂಡಿದ್ದೇವೆ. ಮಾವನ ಫೈಲ್ ಬೇರೆ, ಸೊಸೆಯ ಚೀಟಿ ಬೇರೆ. ನನ್ನ ಪ್ರಕಾರ ಅದು ಒಂದೇ ಫೈಲ್ ಆಗಬೇಕು. ಯಾಕೆ ಅಂತ ಹೇಳಬೇಕಾದರೆ ಮೆದುಳಿನಿಂದಲೇ ಶುರು ಮಾಡಬೇಕು.

ಲಕ್ವಾ ಅಂದರೆ ಮೆದುಳಿನ ಒಂದು ಭಾಗಕ್ಕೆ ರಕ್ತ ನಿಂತುಹೋಗುವುದು, ಅಥವಾ ರಕ್ತನಾಳ ಒಡೆದು ಅಲ್ಲೇ ರಕ್ತ ಸೋರುವುದು. ಸತ್ತ ನರಕೋಶ ಮತ್ತೆ ಹುಟ್ಟಿ ಬರುವುದಿಲ್ಲ. ಹಾಗಿದ್ದರೂ ಎಷ್ಟೋ ಜನ ಮತ್ತೆ ನಡೆಯುತ್ತಾರೆ, ಮಾತಾಡುತ್ತಾರೆ, ಅಲ್ವಾ? ಅದು ಹೇಗೆ ಅಂದರೆ, ಉಳಿದ ಕೋಶಗಳು ತಮ್ಮೊಳಗೆ ಹೊಸ ಸಂಪರ್ಕ ಬೆಳೆಸಿಕೊಂಡು ಹೋದ ಕೆಲಸವನ್ನು ಅಷ್ಟಿಷ್ಟು ತಮ್ಮ ಮೇಲೆ ಹಾಕಿಕೊಳ್ಳುತ್ತವೆ. ಈ ಬದಲಾವಣೆ ಮೊದಲ ಮೂರು ತಿಂಗಳು ಜೋರಾಗಿ ನಡೆಯುತ್ತದೆ, ಆಮೇಲೆ ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಆದರೆ ಅದು ಸುಮ್ನೆ ಮಲಗಿದ್ದರೆ ಆಗುವಂಥದ್ದಲ್ಲ. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಬೇಕು. ಎಷ್ಟು ಸಲ? ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳು ಬದಲಾಗಲು ಒಂದೇ ಚಲನೆಯನ್ನು ದಿನಕ್ಕೆ ನೂರಾರು ಸಲ ಮಾಡಿಸಿದ್ದಾರೆ. ಅದೇ ಮನುಷ್ಯರ ಚಿಕಿತ್ಸೆಯಲ್ಲಿ ನಿಜವಾಗಿ ಎಷ್ಟಾಗುತ್ತದೆ ಅಂತ ಅಮೆರಿಕ, ಕೆನಡಾದಲ್ಲಿ ಕೂತು ಎಣಿಸಿದವರು 2009ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿದರೆ, ಕೈಯಿಂದ ಕೆಲಸ ಮಾಡಿಸುವ ಅಭ್ಯಾಸ ಒಂದು ಸಲದ ಫಿಸಿಯೋಥೆರಪಿಯಲ್ಲಿ ಸರಾಸರಿ 32 ಸಲ ಮಾತ್ರ ನಡೆದಿತ್ತು.

ಅಂದರೆ ಫಿಸಿಯೋಥೆರಪಿಯವರು ಎಷ್ಟೇ ಒಳ್ಳೆಯವರಿರಲಿ, ಅವರ ಮುಕ್ಕಾಲು ತಾಸಿನಲ್ಲಿ ಎಲ್ಲ ಆಗುವುದಿಲ್ಲ. ಉಳಿದ ಇಪ್ಪತ್ಮೂರು ತಾಸು ಮನೆಯವರ ಕೈಯಲ್ಲಿದೆ. ಆ ಕೈ ದಣಿದರೆ ಚಿಕಿತ್ಸೆಯೂ ನಿಂತಂತೆಯೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಮೊದಲ ಮೂರು ತಿಂಗಳನ್ನು ನಮ್ಮ ಕಡೆ ಬಹಳ ಜನ ನಾಟಿ ಔಷಧದ ಹಿಂದೆ ಓಡಾಡಿಯೇ ಕಳೆಯುತ್ತಾರೆ. ಪಾರಿವಾಳದ ರಕ್ತ ಹಚ್ಚಿದರೆ ಲಕ್ವಾ ಹೋಗುತ್ತದೆ ಅನ್ನುವ ನಂಬಿಕೆ ಇನ್ನೂ ಇದೆ. ಅದು ತಾಗುವುದು ಚರ್ಮಕ್ಕೆ, ತೊಂದರೆ ಇರುವುದು ಮೆದುಳಿನಲ್ಲಿ. ಎಣ್ಣೆ ಹಚ್ಚಿ ತಿಕ್ಕಿದರೆ ಮೈಗೆ ಹಿತ ಆಗಬಹುದು, ನನ್ನ ತಕರಾರಿಲ್ಲ, ಆದರೆ ಅದು ವ್ಯಾಯಾಮದ ಬದಲಿಗೆ ಆಗಬಾರದು. ಹಾಗಂತ ಮೊದಲ ದಿನವೇ ಎಬ್ಬಿಸಿ ಓಡಾಡಿಸುವುದೂ ಸರಿಯಲ್ಲ. ಐದು ದೇಶಗಳ 2,104 ರೋಗಿಗಳ ಮೇಲೆ ನಡೆದ ಅವರ್ಟ್ ಎಂಬ ದೊಡ್ಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೊದಲ 24 ತಾಸಿನೊಳಗೆ ಜಾಸ್ತಿ ಜಾಸ್ತಿ ಎಬ್ಬಿಸಿದ ರೋಗಿಗಳ ಫಲಿತಾಂಶ ಮೂರು ತಿಂಗಳ ನಂತರ ಸ್ವಲ್ಪ ಕೆಳಗೇ ಇತ್ತು. ಯಾವಾಗ, ಎಷ್ಟು ಎಬ್ಬಿಸಬೇಕು ಅನ್ನುವುದನ್ನು ಆಸ್ಪತ್ರೆಯವರೇ ಹೇಳಬೇಕು.

ಮನೆಗೆ ಬಂದ ಮೇಲೆ ಅಭ್ಯಾಸಕ್ಕೆ ದುಬಾರಿ ಸಾಮಾನು ಬೇಕಾಗಿಲ್ಲ. ನಮ್ಮ ಅಡಿಗೆಮನೆಯಲ್ಲೇ ಬೇಕಾದಷ್ಟಿದೆ. ಶೇಂಗಾ ಸುಲಿಯುವುದು, ಮೊರದಲ್ಲಿ ಜೋಳ ಹರವಿ ಹಳ್ಳು ಆರಿಸುವುದು, ಕೊತ್ತಂಬರಿ ಸೋಸುವುದು, ಇವೆಲ್ಲ ಬೆರಳಿಗೆ ಕೆಲಸ. ರೊಟ್ಟಿ ಬಡಿಯುವುದಂತೂ ಎರಡೂ ಕೈ ಕೂಡಿ ತಾಳ ಹಿಡಿದು ಮಾಡುವ ಕೆಲಸ, ಅಂಗೈ ಪೂರ್ತಿ ಬಿಚ್ಚಬೇಕು, ಭುಜದಿಂದ ಬಲ ಬರಬೇಕು. ವರ್ಷಗಟ್ಟಲೆ ರೊಟ್ಟಿ ಬಡಿದ ಅವ್ವನ ಮುಂದೆ ರಬ್ಬರ್ ಚೆಂಡು ಇಟ್ಟು "ಹಿಚುಕು" ಅಂದರೆ ಬೇಸರ ಪಡುತ್ತಾಳೆ, ಒಂದು ಹಿಡಿ ಹಿಟ್ಟಿನ ಮುದ್ದೆ ಕೊಟ್ಟರೆ ಕೈ ತಾನೇ ಮುಂದೆ ಬರುತ್ತದೆ. ರೋಗಿಗೆ ಅರ್ಥ ಇರುವ ಕೆಲಸವನ್ನೇ ಅಭ್ಯಾಸ ಮಾಡಿಸಿದರೆ ಉಪಯೋಗ ಹೆಚ್ಚು ಅನ್ನುವುದು ಪುನಶ್ಚೇತನ ವಿಜ್ಞಾನದಲ್ಲಿ ಒಪ್ಪಿಕೊಂಡ ಮಾತು. ಒಲೆಯಿಂದ ಮಾತ್ರ ದೂರ ಕೂಡಿಸಿ, ಸ್ಪರ್ಶ ಗೊತ್ತಾಗದ ಕೈ ಸುಟ್ಟರೂ ತಿಳಿಯುವುದಿಲ್ಲ.

ಇನ್ನು ಎತ್ತುವ ವಿಷಯ. ಇಲ್ಲೇ ಹೆಚ್ಚಿನ ಸೊಸೆಯಂದಿರ ನಡ ಹೋಗುವುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತುಂಬಿದ ಕೊಡವನ್ನು ನಡುವಿನ ಮೇಲೆ ಇಟ್ಟುಕೊಂಡು ಎಷ್ಟು ದೂರ ಬೇಕಾದರೂ ನಡೆಯಬಹುದು, ಅದೇ ಕೊಡವನ್ನು ಕೈ ಮುಂದೆ ಚಾಚಿ ಹಿಡಿದರೆ ಒಂದು ನಿಮಿಷವೂ ಆಗುವುದಿಲ್ಲ. ಭಾರ ಅಷ್ಟೇ, ಆದರೆ ಮೈಯಿಂದ ದೂರ ಹೋದಷ್ಟೂ ಬೆನ್ನುಮೂಳೆಯ ಮೇಲೆ ಬೀಳುವ ಒತ್ತಡ ಹೆಚ್ಚುತ್ತದೆ. ಮಂಚದ ಪಕ್ಕ ನಿಂತು, ಬಗ್ಗಿ, ಕೈ ಚಾಚಿ ಮಾವನ ಬಗಲಿಗೆ ಕೈ ಹಾಕಿ ಎತ್ತುವುದು ಅಂದರೆ ಅರವತ್ತು ಕಿಲೋ ಭಾರವನ್ನು ದೂರದಿಂದ ಎತ್ತಿದಂತೆ. ಅಮೆರಿಕದ ಕಾರ್ಮಿಕರ ಆರೋಗ್ಯ ಸಂಸ್ಥೆಯ ತಜ್ಞ ಥಾಮಸ್ ವಾಟರ್ಸ್ 2007ರಲ್ಲಿ ನರ್ಸ್‌ಗಳಿಗಾಗಿ ಲೆಕ್ಕ ಹಾಕಿ ಹೇಳಿದ್ದು: ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ 16 ಕಿಲೋ ದಾಟಬಾರದು. ತರಬೇತಿ ಪಡೆದ ನರ್ಸ್‌ಗೇ 16 ಕಿಲೋ.

ಹಾಗಾದರೆ ಮಾಡುವುದೇನು? ಎತ್ತಬೇಡಿ, ಅವರೇ ಏಳುವ ಹಾಗೆ ಮಾಡಿ. ಮೊದಲು ಅವರನ್ನು ಮಂಚದ ಅಂಚಿಗೆ ಸರಿಸಿ ಕೂಡಿಸಿ. ಎರಡೂ ಪಾದ ನೆಲಕ್ಕೆ ಊರಿರಬೇಕು, ಹಿಮ್ಮಡಿ ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕಿರಬೇಕು. ಕುರ್ಚಿಯನ್ನು ಅವರ ಶಕ್ತಿ ಇರುವ ಕಡೆಗೆ ಇಡಿ. ನೀವು ಎದುರಿಗೆ ಹತ್ತಿರ ನಿಂತು, ನಿಮ್ಮ ಮೊಣಕಾಲು ಸ್ವಲ್ಪ ಮಡಿಸಿ, ಅವರ ಶಕ್ತಿ ಹೋದ ಕಾಲಿನ ಮೊಣಕಾಲು ಕುಸಿಯದಂತೆ ನಿಮ್ಮ ಮೊಣಕಾಲಿನಿಂದ ಆನಿಕೆ ಕೊಡಿ. ಹಿಡಿಯುವುದು ತೋಳನ್ನಲ್ಲ, ಸೊಂಟಕ್ಕೆ ಕಟ್ಟಿದ ಅಗಲವಾದ ಬೆಲ್ಟನ್ನು. ಆಮೇಲೆ ಮುಂದಕ್ಕೆ ಬಾಗಲು ಹೇಳಿ, ಮೂಗು ಪಾದದ ಬೆರಳಿನ ನೇರಕ್ಕೆ ಬರುವಷ್ಟು. ಬಹಳ ಜನ ತಪ್ಪುವುದು ಇಲ್ಲಿಯೇ. ಬೀಳುತ್ತಾರೆ ಅನ್ನುವ ಹೆದರಿಕೆಗೆ ಅವರನ್ನು ಹಿಂದಕ್ಕೆ ತಳ್ಳಿ ಹಿಡಿದುಕೊಂಡು ಮೇಲೆ ಎಳೆಯುತ್ತೇವೆ, ಆಗ ಪೂರ್ತಿ ಭಾರ ನಮ್ಮ ನಡದ ಮೇಲೆ ಬರುತ್ತದೆ. ಮುಂದೆ ಬಾಗಿದಾಗ ಅವರ ಭಾರ ಅವರ ಪಾದದ ಮೇಲೇ ಹೋಗುತ್ತದೆ. ಒಂದು, ಎರಡು, ಮೂರು ಅಂತ ಎಣಿಸಿ, ಮೂರಕ್ಕೆ ಇಬ್ಬರೂ ಕೂಡಿ ಏಳಿ. ಇದನ್ನು ಓದಿ ಕಲಿಯಲು ಆಗುವುದಿಲ್ಲ, ಫಿಸಿಯೋಥೆರಪಿಯವರ ಎದುರಿಗೇ ನೀವು ಮಾಡಿ ತೋರಿಸಿ ತಿದ್ದಿಸಿಕೊಳ್ಳಬೇಕು.

ತೋಳು ಹಿಡಿದು ಎಳೆಯಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಭುಜದ ಕೀಲು ಆಳದ ಗುಳಿಯಲ್ಲಿ ಕೂತಿಲ್ಲ, ಸುತ್ತಲಿನ ಸ್ನಾಯುಗಳೇ ಅದನ್ನು ಹಿಡಿದಿಟ್ಟಿವೆ. ಲಕ್ವಾದಲ್ಲಿ ಆ ಸ್ನಾಯು ಸಡಿಲಾಗಿ ಕೈಯ ಭಾರಕ್ಕೇ ಕೀಲು ಜಾರುತ್ತದೆ, ಅದರ ಮೇಲೆ ನಾವು ಜಗ್ಗಿದರೆ ತಿಂಗಳುಗಟ್ಟಲೆ ನೋವು. ಕೂತಾಗ, ಮಲಗಿದಾಗ ಆ ಕೈ ಕೆಳಗೆ ಒಂದು ದಿಂಬು ಇರಲಿ.

ಊಟದ ಬಗ್ಗೆ ಎರಡು ಮಾತು. ಲಕ್ವಾ ಆದವರಲ್ಲಿ ಬಹಳ ಜನಕ್ಕೆ ನುಂಗುವುದು ಕಷ್ಟವಾಗುತ್ತದೆ. ನೀರು, ಮಜ್ಜಿಗೆಯಂಥ ತೆಳ್ಳಗಿನದು ಥಟ್ಟನೆ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು, ಕಡಕ್ ರೊಟ್ಟಿಯ ಚೂರು ಗಂಟಲಲ್ಲಿ ಸಿಕ್ಕಬಹುದು. ಊಟ ಮಾಡುವಾಗ ಕೆಮ್ಮುತ್ತಿದ್ದರೆ, ಉಂಡ ಮೇಲೆ ಧ್ವನಿ ಗೊರಗೊರ ಆಗುತ್ತಿದ್ದರೆ ಸ್ಪೀಚ್ ಥೆರಪಿಯವರಿಗೆ ತೋರಿಸಿ. ಯಾವುದು ಎಷ್ಟು ಗಟ್ಟಿ ಇರಬೇಕು ಅಂತ ಅವರು ಹೇಳುತ್ತಾರೆ. ಮಲಗಿಸಿ ಮಾತ್ರ ಉಣಿಸಲೇಬೇಡಿ.

ಎರಡನೆಯದು ತಟ್ಟೆಯದು. ಕೆಲವರು ತಟ್ಟೆಯ ಬಲಗಡೆಯದನ್ನೆಲ್ಲ ಉಂಡು ಎಡಗಡೆಯ ಪಲ್ಯ, ಚಟ್ನಿ ಮುಟ್ಟುವುದೇ ಇಲ್ಲ. "ಈ ಪಲ್ಯ ಸೇರಲ್ಲ" ಅಂತ ಮನೆಯವರು ಅಂದುಕೊಳ್ಳುತ್ತಾರೆ, ಮಾಡಿ ಹಾಕಿದವಳಿಗೆ ಮನಸ್ಸಿಗೆ ಹತ್ತುತ್ತದೆ. ನಿಜ ಏನೆಂದರೆ ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದಾಗ ಕಣ್ಣು ಸರಿ ಇದ್ದರೂ ಎಡಗಡೆಯ ಲೋಕವೇ ಗಮನಕ್ಕೆ ಬರದೇ ಹೋಗಬಹುದು. ತಟ್ಟೆ ತಿರುಗಿಸಿ ಇಟ್ಟು ನೋಡಿ, ಅದೇ ಪಲ್ಯ ಖಾಲಿಯಾಗುತ್ತದೆ. ಇದೊಂದು ಗೊತ್ತಾದರೆ ಎಷ್ಟು ಮನೆಗಳಲ್ಲಿ ಎಷ್ಟು ಜಗಳ ನಿಲ್ಲುತ್ತದೆ!

ಹಾಗೆಯೇ "ಹಠ ಮಾಡ್ತಾರೆ, ವ್ಯಾಯಾಮ ಮಾಡು ಅಂದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ" ಅನ್ನುವ ದೂರು. ಲಕ್ವಾ ಆದ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದಕ್ಕೆ ಔಷಧ ಇದೆ, ಬೈಗುಳ ಅದರ ಔಷಧ ಅಲ್ಲ.

ನೋಡಿಕೊಳ್ಳುವವರ ಮನಸ್ಸು? 1999ರಲ್ಲಿ ಅಮೆರಿಕದ ರಿಚರ್ಡ್ ಶುಲ್ಟ್ಸ್ ಮತ್ತು ಸ್ಕಾಟ್ ಬೀಚ್ ಒಂದು ಅಧ್ಯಯನ ಪ್ರಕಟಿಸಿದರು. ಗಂಡ ಅಥವಾ ಹೆಂಡತಿಯನ್ನು ನೋಡಿಕೊಳ್ಳುತ್ತಾ ಅದರಿಂದ ಬಳಲಿದ ವಯಸ್ಸಾದವರಲ್ಲಿ, ನಾಲ್ಕು ವರ್ಷದೊಳಗೆ ಸಾಯುವ ಸಂಭವ ಅಂಥ ಹೊಣೆ ಇಲ್ಲದವರಿಗಿಂತ ಶೇ. 63ರಷ್ಟು ಹೆಚ್ಚಿತ್ತು. ಅದೇ ಅಧ್ಯಯನದ ಇನ್ನೊಂದು ಅರ್ಧವನ್ನು ಜನ ಮರೆಯುತ್ತಾರೆ: ನೋಡಿಕೊಳ್ಳುತ್ತಿದ್ದರೂ ಬಳಲಿಕೆ ಇಲ್ಲ ಅಂದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಸೇವೆ ಮಾಡುವುದೇ ಅಪಾಯ ಅಲ್ಲ, ಬಿಡುವಿಲ್ಲದೆ, ಸಹಾಯವಿಲ್ಲದೆ ಒಬ್ಬರೇ ಮಾಡುವುದು ಅಪಾಯ. ಈ ಬಳಲಿಕೆಯನ್ನು ಅಳೆಯಲು ಸ್ಟೀವನ್ ಝರಿಟ್ ಮತ್ತು ಜೊತೆಗಾರರು 1980ರಲ್ಲೇ ಒಂದು ಪ್ರಶ್ನಾವಳಿ ಮಾಡಿದ್ದಾರೆ. ಈಗ ಹೆಚ್ಚು ಬಳಕೆಯಲ್ಲಿರುವುದರಲ್ಲಿ 22 ಪ್ರಶ್ನೆಗಳಿವೆ. ಕಾಲು ತಾಸು ಸಾಕು. ರೋಗಿಯ ಬಿಪಿ ಪ್ರತಿ ಸಲ ನೋಡುವ ನಾವು ಇದನ್ನು ಒಂದು ಸಲವಾದರೂ ಕೇಳಬಾರದೇ?

ಹಾಗಾದರೆ ಮನೆಯವರಿಗೆ ತರಬೇತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲಿ ವಿಜ್ಞಾನದ ಉತ್ತರ ಅಷ್ಟು ಸಲೀಸಲ್ಲ. 2004ರಲ್ಲಿ ಲಂಡನ್ನಿನಲ್ಲಿ 300 ರೋಗಿಗಳ ಮನೆಯವರ ಮೇಲೆ ನಡೆದ ಪ್ರಯೋಗದಲ್ಲಿ, ಎತ್ತುವುದು, ಉಣಿಸುವುದು ಕಲಿಸಿದ್ದರಿಂದ ಅವರ ಹೊರೆ ಇಳಿಯಿತು, ಇಬ್ಬರ ಮನಸ್ಸೂ ಹಗುರಾಯಿತು, ಖರ್ಚೂ ಕಡಿಮೆಯಾಯಿತು. ಅದನ್ನೇ ಬ್ರಿಟನ್ನಿನ 36 ಆಸ್ಪತ್ರೆ ಘಟಕಗಳಲ್ಲಿ ದೊಡ್ಡದಾಗಿ ಮಾಡಿ 2013ರಲ್ಲಿ ಫಲಿತಾಂಶ ನೋಡಿದಾಗ ವ್ಯತ್ಯಾಸವೇ ಸಿಗಲಿಲ್ಲ. ನಮ್ಮ ದೇಶದಲ್ಲೇ 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ಅಟೆಂಡ್ ಎಂಬ ಪ್ರಯೋಗ ನಡೆಯಿತು, 2017ರಲ್ಲಿ ಪ್ರಕಟವಾಯಿತು. ಮನೆಯವರನ್ನೇ ಚಿಕಿತ್ಸಕರನ್ನಾಗಿ ತಯಾರು ಮಾಡಿದರೂ ಸಾವು ಮತ್ತು ಪರಾವಲಂಬನೆಯಲ್ಲಿ ಏನೂ ಕಡಿಮೆಯಾಗಲಿಲ್ಲ.

ಇದನ್ನು ಓದಿ ತರಬೇತಿ ದಂಡ ಅನ್ನುವವರಿದ್ದಾರೆ. ನಾನು ಓದುವುದು ಬೇರೆ ಥರ. ಫಿಸಿಯೋಥೆರಪಿಯವರ ಕೊರತೆ ಇದೆ ಅಂತ ಆ ಕೆಲಸವನ್ನು ತಂದು ಸೊಸೆಯ ತಲೆಗೆ ಕಟ್ಟಿದರೆ ರೋಗಿ ಬೇಗ ಏಳುವುದಿಲ್ಲ. ಅವಳಿಗೆ ಎತ್ತುವುದನ್ನು ಕಲಿಸುವುದು ಅವಳ ನಡ ಉಳಿಸಲಿಕ್ಕೆ, ಪುಕ್ಕಟೆ ಚಿಕಿತ್ಸಕಿ ಮಾಡಲಿಕ್ಕಲ್ಲ. ನುರಿತವರೂ ಬೇಕು, ಮನೆಯವರಿಗೆ ಆಸರೆಯೂ ಬೇಕು. ಒಂದರ ಬದಲಿಗೆ ಇನ್ನೊಂದು ಆಗದು.

ನಮ್ಮಲ್ಲಿ ಇದಕ್ಕೆ ಬೇಕಾದ್ದು ಇಲ್ಲವೆಂದಲ್ಲ. ಹುಬ್ಬಳ್ಳಿಯಲ್ಲಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಸ್ಪತ್ರೆ ಇದೆ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ ಇದೆ, ಗದಗಿನಲ್ಲಿ ಜಿಮ್ಸ್ ಆಸ್ಪತ್ರೆ ಇದೆ, ಮನಸ್ಸಿನ ತೊಂದರೆಗೆ ಧಾರವಾಡದ ಡಿಮ್ಹಾನ್ಸ್ ಇದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನೆಲ ನಿಲ್ದಾಣದ ಕಟ್ಟೆಗೆ ಸಮನಾಗಿ ಇರುವುದರಿಂದ ಮೆಟ್ಟಿಲು ಹತ್ತಲಾಗದವರನ್ನೂ ಕರೆದುಕೊಂಡು ಹೋಗಬಹುದು. ರಾತ್ರಿ ನಿದ್ದೆ ಬಾರದೆ ತಲೆ ಕೆಟ್ಟಾಗ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಅದು ರೋಗಿಗೆ ಮಾತ್ರ ಅಲ್ಲ, ನಿಮಗೂ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತೂ ಇದೆ.

ಕೊರತೆ ಇರುವುದು ಕೇಳುವುದರಲ್ಲಿ. ನಮ್ಮ ಕಡೆ ಪಂಚಮಿ ಬಂತೆಂದರೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಮಾವನಿಗೆ ಲಕ್ವಾ ಆದ ವರ್ಷ ಅವಳು ಹೋಗಿರುವುದಿಲ್ಲ, ಮರುವರ್ಷವೂ ಹೋಗಿರುವುದಿಲ್ಲ. "ಈ ಸಲ ಪಂಚಮಿಗೆ ಹೋಗಿದ್ರ್ಯಾ ತಂಗಿ?" ಅಂತ ಡಾಕ್ಟರು ಒಂದು ಮಾತು ಕೇಳಿದರೆ 22 ಪ್ರಶ್ನೆಗಳ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಇಲ್ಲ ಅಂದರೆ ಎದುರಿಗೆ ಕೂತ ಮಗನಿಗೆ ಹೇಳಲಿ: ನಾಲ್ಕು ದಿನ ನೀವು ರಜೆ ಹಾಕಿ, ಎಬ್ಬಿಸುವುದು ಹೇಗೆ ಅಂತ ಈಗಲೇ ಇಲ್ಲೇ ಕಲಿತುಕೊಂಡು ಹೋಗಿ, ಬೆಲ್ಟ್ ಕಟ್ಟಿ ನೋಡೋಣ.